ಹಲಗಲಿಯ ಹತ್ಯಾರ, ಕೊಡಗಿನ ಕೋವಿ

ಘಟಪ್ರಭೆಯ ನೀರುಂಡು ಬೆಳೆದ ಕಬ್ಬಿನ ನಡುವೆ, ಸಕ್ಕರೆ ಕಾರ್ಖಾನೆಯೊಂದನ್ನು ಆಶ್ರಯಿಸಿ ನಿಂತಿರುವ ಸಮೀರವಾಡಿಯಲ್ಲಾಗಲಿ, ಅದರ ಸುತ್ತಣ ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳ ಹಳ್ಳಿಗಳಲ್ಲಾಗಲಿ, ಖಂಡೇನವಮಿಯ ದಿನ ಮನೆಮನೆಯ ಜಗಲಿಯ ಮೇಲೆ ಪೂಜೆಗೊಳ್ಳುವ ವಸ್ತುಗಳನ್ನು ನಿಂತು ನೋಡಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಕುಡ, ಕುಡಗೋಲು, ಕಬ್ಬು ಕಡಿಯುವ ಕೊಯ್ತ, ಅಂಗಳದಲ್ಲಿ ಬಾಳೆಕಂದು ಕಟ್ಟಿಸಿಕೊಂಡು ನಿಂತ ಟ್ರ್ಯಾಕ್ಟರು, ಬನಹಟ್ಟಿಯ ಕಡೆಗೆ ಹೋದರೆ ಕುಂಕುಮವಿಟ್ಟ ಮಗ್ಗ ಮತ್ತು ಲಾಳಿ, ಇವೆಲ್ಲವೂ ಅಲ್ಲಿ ಉಂಟು. ಆಯುಧದ ಹಬ್ಬವಾದರೂ ಕಾದುವ ಆಯುಧ ಮಾತ್ರ ಅಲ್ಲಿ ಅಪರೂಪ. ಎಲ್ಲಿಯೋ ಒಂದು ಹಳೆಯ ವಾಡೆಯಲ್ಲಿ ಖಡ್ಗವೊಂದಕ್ಕೆ ಅರಿಶಿನ ಬಿದ್ದೀತು, ದೊಡ್ಡ ಒಕ್ಕಲುತನದ ಮನೆಯೊಂದರಲ್ಲಿ ಜೋಡುನಳಿಗೆಯ ಬಂದೂಕಿಗೆ ಹೂವೇರೀತು. ಅಷ್ಟೆ. ಇದೇ ನೆಲ 19ನೆಯ ಶತಮಾನದ ನಡುಗಾಲದವರೆಗೆ ಬಂದೂಕು, ಬಾಕು, ಭರ್ಚಿಗಳನ್ನು ಉಡಿದಾರದಷ್ಟು ಸಹಜವಾಗಿ ಧರಿಸಿದವರ ನೆಲವಾಗಿದ್ದಿತೆಂಬುದನ್ನು ಇಂದು ನಂಬುವುದು ಕಷ್ಟ. ಆ ಸಹಜತೆ ತಾನಾಗಿ ಸವೆದುಹೋದದ್ದಲ್ಲ. ಕಾನೂನೊಂದು ಬಂದು, ಬೆಂಕಿ ಹಚ್ಚಿ, ಗಲ್ಲು ಹೂಡಿ ಅದನ್ನು ಕಿತ್ತುಕೊಂಡಿತು.

ಆ ಕಥೆ ನಡೆದದ್ದು ಮುಧೋಳ ತಾಲೂಕಿನ ಹಲಗಲಿಯಲ್ಲಿ. ಉತ್ತರ ಹಿಂದುಸ್ಥಾನದಲ್ಲಿ ಸಿಪಾಯಿಗಳು ದಂಗೆಯೆದ್ದ 1857ರ ಸೆಪ್ಟೆಂಬರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸರಕಾರವು ಶಸ್ತ್ರಾಸ್ತ್ರ ಮತ್ತು ಮದ್ದುಗುಂಡುಗಳ ಆಮದು, ತಯಾರಿಕೆ, ಮಾರಾಟಗಳನ್ನೂ ಅವನ್ನು ಇಟ್ಟುಕೊಳ್ಳುವ ಅಧಿಕಾರವನ್ನೂ ತನ್ನ ಅಂಕೆಗೆ ತೆಗೆದುಕೊಳ್ಳುವ ಆಕ್ಟೊಂದನ್ನು ಹೊರಡಿಸಿತು. ಅದರ ತಾತ್ಪರ್ಯ ಸರಳ: ಯಾರ ಬಳಿ ಏನಿದೆಯೋ ಅದನ್ನು ತಂದು ಒಪ್ಪಿಸತಕ್ಕದ್ದು, ಸರಕಾರ ಯಾರನ್ನು ನಂಬುವುದೋ ಅವರು ಮಾತ್ರ ಲೈಸೆನ್ಸು ಪಡೆದು ಇಟ್ಟುಕೊಳ್ಳತಕ್ಕದ್ದು. ಮುಧೋಳವು ಘೋರ್ಪಡೆ ಮನೆತನದ ಸಂಸ್ಥಾನವೇ ಆದರೂ ಪೊಲಿಟಿಕಲ್ ಏಜೆಂಟನ ಮಾತನ್ನು ಮೀರಿ ನಡೆಯುವ ಸ್ವಾತಂತ್ರ್ಯ ಅಂದಿನ ಸಂಸ್ಥಾನಿಕರಿಗೆ ಉಳಿದಿರಲಿಲ್ಲವಾದುದರಿಂದ, ಕಂಪನಿಯ ಹುಕುಂ ಸಂಸ್ಥಾನದ ಹಳ್ಳಿಗಳಿಗೂ ಇಳಿಯಿತು.

ಹಲಗಲಿಯ ಬೇಡರಿಗೆ ಈ ಹುಕುಂ ತಲುಪಿದಾಗ ಅವರು ಅದನ್ನು ಅರ್ಥಮಾಡಿಕೊಂಡ ಬಗೆಗೂ ಸರಕಾರ ಅದನ್ನು ಹೊರಡಿಸಿದ ಬಗೆಗೂ ಅಜಗಜಾಂತರವಿದ್ದಿತು. ಸರಕಾರದ ದೃಷ್ಟಿಯಲ್ಲಿ ಬಂದೂಕೆಂದರೆ ದಂಗೆಯ ಸಾಧನ. ಬೇಡನ ದೃಷ್ಟಿಯಲ್ಲಿ ಅದು ಬೇಟೆಯ ಅನ್ನ, ಊರ ಕಾವಲಿನ ಕೂಲಿ, ಮದುವೆಯ ಮೆರವಣಿಗೆಯ ಮರ್ಯಾದೆ, ಸತ್ತ ಹಿರಿಯನ ನೆನಪು, ಎಲ್ಲಕ್ಕೂ ಮಿಗಿಲಾಗಿ ತನ್ನ ಕುಲವನ್ನು ಉಳಿದ ಕುಲಗಳಿಂದ ಬೇರೆಯಾಗಿ ಗುರುತಿಸುವ ಲಾಂಛನ. ಅದನ್ನು ಚಾವಡಿಯಲ್ಲಿ ರಾಶಿ ಹಾಕಿ, ಕಾರಕೂನನ ಕೈಯಿಂದ ಚೀಟಿ ಪಡೆದು ಬರಿಗೈಯಲ್ಲಿ ಮನೆಗೆ ಬರುವುದೆಂದರೆ ಬೇಡತನವನ್ನೇ ಕೊಟ್ಟು ಬಂದಂತೆ. ಜಡಗ, ಬಾಲ, ಹನುಮ, ರಾಮ ಎಂಬ ಮುಖಂಡರು ಕೂಡಿ ಕುಳಿತು ಹತ್ಯಾರ ಕೊಡಬಾರದೆಂದು ನಿಶ್ಚಯಿಸಿದರು. ತಿಳಿಹೇಳಲು ಬಂದ ಸರಕಾರಿ ನೌಕರರು ಪೆಟ್ಟು ತಿಂದು ಹಿಂದಿರುಗಿದರು. ನವೆಂಬರ್ ತಿಂಗಳ ಕೊನೆಯಲ್ಲಿ ದಕ್ಷಿಣ ಮರಾಠಾ ಕುದುರೆಪಡೆಯ ಕರ್ನಲ್ ಮಾಲ್ಕಮ್ ದಂಡು ತಂದು ಊರನ್ನು ಸುತ್ತುಗಟ್ಟಿದನು. ಒಳಗಿನವರು ಮನೆಗಳ ಮರೆಯಿಂದ ಈಡು ಹೊಡೆದರು. ಹೊರಗಿನವರು ಮನೆಗಳಿಗೇ ಬೆಂಕಿಯಿಟ್ಟರು. ಸತ್ತವರು ಸತ್ತ ಮೇಲೆ, ಸೆರೆಸಿಕ್ಕವರಲ್ಲಿ ಮುಖಂಡರೆನಿಸಿದವರನ್ನು ಡಿಸೆಂಬರ್ 11ರಂದು ಮುಧೋಳದಲ್ಲಿಯೂ, ಇನ್ನು ಕೆಲವರನ್ನು 14ರಂದು ಹಲಗಲಿಯಲ್ಲಿಯೇ, ಊರವರು ನೋಡುತ್ತಿರುವಂತೆ, ಗಲ್ಲಿಗೇರಿಸಲಾಯಿತು.

ಈ ಘಟನೆಯನ್ನು ಕುರಿತ ಲಾವಣಿ, ಕುರ್ತಕೋಟಿಯ ಕಲ್ಮೇಶನ ಅಂಕಿತವುಳ್ಳದ್ದು, ಹತ್ತನೆಯ ತರಗತಿಯ ಕನ್ನಡ ಪಾಠಪುಸ್ತಕದ ಮೂಲಕ ನಾಡಿನ ಮಕ್ಕಳಿಗೆಲ್ಲ ಪರಿಚಿತ. ಶೌರ್ಯದ ಹಾಡೆಂದು ಅದನ್ನು ಓದಿಸುವುದು ವಾಡಿಕೆ. ಅದು ಶೌರ್ಯದ ಹಾಡೂ ಹೌದು. ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಅದರ ಕೊನೆಯ ಭಾಗ. ಯುದ್ಧ ಮುಗಿದ ಮೇಲೆ ಲಾವಣಿಕಾರನು ವೀರರ ಗುಣಗಾನಕ್ಕೆ ತೊಡಗದೆ, ದಂಡಿನವರು ಊರೊಳಗಿಂದ ಏನೇನು ಹೊತ್ತೊಯ್ದರೆಂಬುದನ್ನು ಮನೆಯ ಹಿರಿಯಳೊಬ್ಬಳು ಕಳವಾದ ಸಾಮಾನನ್ನು ಲೆಕ್ಕ ಹಾಕುವಂತೆ ಒಂದೊಂದಾಗಿ ಎಣಿಸುತ್ತಾನೆ: ಹಾಲು, ಮೊಸರು, ಬೆಣ್ಣೆಯ ಗಡಿಗೆಗಳು, ಬೆಲ್ಲ, ಅಕ್ಕಿ, ಜೀರಿಗೆ, ಅರಿಶಿನ, ಗಂಗಾಳ, ಚರಿಗೆ, ಹೆಂಗಸರ ಕೊರಳ ಮಂಗಳಸೂತ್ರ, ಕೊನೆಗೆ ಬೀಸುವ ಕಲ್ಲು ಕೂಡ. ಬಂದೂಕು ಒಪ್ಪಿಸಿರೆಂದು ಬಂದ ಕಾನೂನು ಬೀಸುವ ಕಲ್ಲನ್ನು ಹೊತ್ತುಕೊಂಡು ಹೋಯಿತು! ನಿಶ್ಶಸ್ತ್ರೀಕರಣದ ಮೇಲೆ ಬರೆದ ದೊಡ್ಡ ದೊಡ್ಡ ಗ್ರಂಥಗಳಲ್ಲಿ ಇಷ್ಟು ತೀಕ್ಷ್ಣವಾದ ಟೀಕೆಯನ್ನು ನಾನು ಕಂಡಿಲ್ಲ.

ಹಲಗಲಿ ಆರಿದ ಆರು ತಿಂಗಳಿಗೆ, 1858ರ ಮೇ ತಿಂಗಳಿನಲ್ಲಿ, ನರಗುಂದದ ಸಂಸ್ಥಾನಿಕ ಬಾಬಾಸಾಹೇಬನ ಬಂಡಾಯವಾಯಿತು. ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದನು. ಜೂನ್ ತಿಂಗಳಿನಲ್ಲಿ ಬಾಬಾಸಾಹೇಬನಿಗೆ ಬೆಳಗಾವಿಯಲ್ಲಿ ಗಲ್ಲಾಯಿತು. ದತ್ತಕದ ನಿರಾಕರಣೆ ಅಲ್ಲಿ ಮುಖ್ಯ ಕಾರಣವೆಂದು ನಾವು ಓದುತ್ತೇವೆ. ಆಯುಧ ಒಪ್ಪಿಸಬೇಕಾದ ಅಪಮಾನವೂ ಆ ಸೀಮೆಯ ಸಂಸ್ಥಾನಿಕರ, ದೇಸಾಯಿಗಳ ಎದೆಯಲ್ಲಿ ಕುದಿಯುತ್ತಿದ್ದಿತೆಂಬುದನ್ನು ಅದರೊಡನೆ ಸೇರಿಸಿಕೊಳ್ಳಬೇಕು.

ದಂಗೆ ಅಡಗಿದ ಮೇಲೆಯೂ ಆ ಕಾನೂನು ಅಡಗಲಿಲ್ಲ. ಲಾರ್ಡ್ ಲಿಟನ್ನನ ಆಳ್ವಿಕೆಯಲ್ಲಿ 1878ರ ಶಸ್ತ್ರಾಸ್ತ್ರ ಕಾಯಿದೆಯಾಗಿ ಅದು ಸ್ಥಿರರೂಪವನ್ನು ತಾಳಿತು. ಲೈಸೆನ್ಸಿಲ್ಲದೆ ಯಾರೂ ಆಯುಧ ಹಿಡಿಯುವಂತಿಲ್ಲ ಎಂಬುದು ಅದರ ಸಾಮಾನ್ಯ ಸೂತ್ರ. ಐರೋಪ್ಯರಿಗೂ ಸರಕಾರದ ಕೃಪೆಗೆ ಪಾತ್ರರಾದ ಕೆಲವು ಗಣ್ಯರಿಗೂ ಆ ಸೂತ್ರ ಅನ್ವಯಿಸದೆಂಬುದು ಅದರ ಅಡಿಯ ನಿಯಮ. ಬಂದೂಕು ಅಪಾಯಕರವಾದುದರಿಂದ ಅದನ್ನು ನಿಯಂತ್ರಿಸಿದ್ದಾದರೆ ಬಿಳಿಯನ ಕೈಯಲ್ಲಿಯೂ ಅದು ಅಪಾಯಕರವೇ ಆಗಿರಬೇಕಷ್ಟೆ? ಕಾಯಿದೆ ಅಳೆದದ್ದು ಆಯುಧವನ್ನಲ್ಲ, ಅದನ್ನು ಹಿಡಿದವನನ್ನು. ಅವನಲ್ಲಿಯೂ ಅವನ ನಡತೆಯನ್ನಲ್ಲ, ಹುಟ್ಟನ್ನು. ಹೀಗೆಂದೇ 1887ರ ಮದ್ರಾಸಿನ ಅಧಿವೇಶನದಲ್ಲಿಯೇ ಕಾಂಗ್ರೆಸ್ಸು ಈ ಕಾಯಿದೆಯ ಸಡಿಲಿಕೆಯನ್ನು ಬೇಡಿತು. ಅಹಿಂಸೆಯ ಆಚಾರ್ಯರಾದ ಗಾಂಧೀಜಿಯವರೇ 1918ರಲ್ಲಿ ಇಡೀ ಜನಾಂಗವನ್ನು ನಿರಾಯುಧಗೊಳಿಸಿದ ಈ ಕಾಯಿದೆಯನ್ನು ಬ್ರಿಟಿಷ್ ಆಳ್ವಿಕೆಯ ಮಹಾಪರಾಧಗಳಲ್ಲಿ ಎಣಿಸಿದರೆಂಬುದು ಹಲವರಿಗೆ ಆಶ್ಚರ್ಯವನ್ನುಂಟುಮಾಡಬಹುದು. ಭಯದಿಂದ ಹಿಂಸೆಯನ್ನು ಬಿಟ್ಟವನಿಗೂ ಶಕ್ತಿಯಿದ್ದು ಬಿಟ್ಟವನಿಗೂ ಅವರು ಕಾಣುತ್ತಿದ್ದ ಅಂತರವನ್ನು ಬಲ್ಲವರಿಗೆ ಅದು ಆಶ್ಚರ್ಯವಲ್ಲ. 1931ರ ಕರಾಚಿ ಅಧಿವೇಶನದ ಮೂಲಭೂತ ಹಕ್ಕುಗಳ ಠರಾವಿನಲ್ಲಂತೂ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವುದು ಪ್ರತಿಯೊಬ್ಬ ನಾಗರಿಕನ ಹಕ್ಕೆಂದೇ ಬರೆಯಲಾಯಿತು.

ಸ್ವರಾಜ್ಯ ಬಂದ ಮೇಲೆ ಆ ಮಾತನ್ನು ಜ್ಞಾಪಿಸಲು ಎದ್ದು ನಿಂತವರು ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತರು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅವರು ಆಯುಧ ಹೊಂದುವ ಅಧಿಕಾರವನ್ನು ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಬೇಕೆಂದು ತಿದ್ದುಪಡಿಯನ್ನು ಮಂಡಿಸಿದರು. ಸಭೆ ಅದನ್ನು ಅಂಗೀಕರಿಸಲಿಲ್ಲ. ದೇಶವಿಭಜನೆಯ ರಕ್ತ ಇನ್ನೂ ಹಸಿಯಾಗಿದ್ದ, ಗಾಂಧೀಜಿ ಪಿಸ್ತೂಲಿಗೆ ಬಲಿಯಾಗಿ ವರುಷವೂ ತುಂಬದಿದ್ದ ಹೊತ್ತಿನಲ್ಲಿ ಸಭೆ ಬೇರೆ ನಿರ್ಣಯ ಮಾಡೀತೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ನಮ್ಮ ಸಂವಿಧಾನದ 19ನೆಯ ಅನುಚ್ಛೇದವು ಜನ ಸಭೆ ಸೇರುವ ಹಕ್ಕನ್ನು ಕೊಡುವಾಗಲೂ ಶಾಂತವಾಗಿ ಮತ್ತು ನಿರಾಯುಧರಾಗಿ ಎಂಬ ಕಟ್ಟನ್ನು ಹಾಕಿಯೇ ಕೊಟ್ಟಿದೆ. 25ನೆಯ ಅನುಚ್ಛೇದದ ವಿವರಣೆಯಲ್ಲಿ ಸಿಖ್ಖರ ಕಿರ್ಪಾಣಕ್ಕೆ ಮಾತ್ರ ಹೆಸರಿಟ್ಟು ಎಡೆಮಾಡಿದೆ. 1791ರಿಂದಲೂ ತಮ್ಮ ಸಂವಿಧಾನದ ಎರಡನೆಯ ತಿದ್ದುಪಡಿಯನ್ನು ಹಿಡಿದು ಬಂದೂಕನ್ನು ಹಕ್ಕೆಂದೇ ವಾದಿಸುವ ಅಮೆರಿಕನ್ನರಿಗೂ ನಮಗೂ ಇರುವ ವ್ಯತ್ಯಾಸದ ಬೇರು ಇಲ್ಲಿದೆ. ಅಲ್ಲಿ ಕೊಡಲಾರೆನೆಂಬ ಸರಕಾರವು ಕಾರಣ ಹೇಳಬೇಕು. ಇಲ್ಲಿ ಕೊಡಿರೆಂಬ ಪ್ರಜೆ ಕಾರಣ ಹೇಳಬೇಕು.

ಆದರೆ ಇದೇ ಕರ್ನಾಟಕದೊಳಗೆ ಕಾರಣ ಹೇಳಬೇಕಾಗಿಲ್ಲದ ಒಂದು ಮೂಲೆಯುಂಟು, ಅದು ಕೊಡಗು. ಹಲಗಲಿಯನ್ನು ಸುಟ್ಟ ಸರಕಾರದ ಅಧಿಕಾರಿಯೇ, ಮೈಸೂರು ಮತ್ತು ಕೊಡಗುಗಳ ಕಮಿಷನರಾಗಿದ್ದ ಸರ್ ಮಾರ್ಕ್ ಕಬ್ಬನ್, 1861ರ ಫೆಬ್ರವರಿಯಲ್ಲಿ ಪ್ರಕಟಣೆಯೊಂದನ್ನು ಹೊರಡಿಸಿ, ಕೊಡವರ ರಾಜನಿಷ್ಠೆಯನ್ನೂ ಶೌರ್ಯವನ್ನೂ ಬಾಯ್ತುಂಬ ಹೊಗಳಿ, ನಿಶ್ಶಸ್ತ್ರೀಕರಣದ ಕಾನೂನಿನಿಂದ ಅವರನ್ನು ಹೊರಗಿಟ್ಟನು. ಒಂದೇ ಬಗೆಯ ಕಾನೂನು, ಮೂರು ವರುಷದ ಚಿಲ್ಲರೆ ಅಂತರ, ಬೇಡರು ಕೊಡವರು ಇಬ್ಬರೂ ಬೇಟೆಯಲ್ಲಿ ನುರಿತ ಶೂರರು, ಇಬ್ಬರೂ ಬಂದೂಕನ್ನು ಕುಲದೈವದಂತೆ ಕಂಡವರು: ಒಬ್ಬರಿಗೆ ಗಲ್ಲು, ಇನ್ನೊಬ್ಬರಿಗೆ ಗೌರವಪತ್ರ. ಬೇಡರು ಕೊಡವರಿಗಿಂತ ಕ್ರೂರರಾಗಿದ್ದರೆಂದು ಯಾರೂ ಹೇಳಿಲ್ಲ. ಆಳುವವನಿಗೆ ಯಾರ ಕೈಯ ಕೋವಿ ತನ್ನ ಕಡೆಗೆ ತಿರುಗೀತೆಂಬ ಅಳುಕಿದ್ದಿತೋ ಅವರ ಕೋವಿ ಹೋಯಿತು. ಯಾರದು ತಿರುಗದೆಂಬ ಭರವಸೆಯಿದ್ದಿತೋ ಅವರದು ಉಳಿಯಿತು. ಇದನ್ನು ಕೊಡವರ ದೂಷಣೆಯಾಗಿ ಯಾರೂ ತಿಳಿಯಬಾರದು. ಅವರ ಕೋವಿ ಕಬ್ಬನ್ನನಿಗಿಂತ ಹಳೆಯದು, ಅವನು ಕೊಟ್ಟದ್ದಲ್ಲ, ಕಸಿಯದೆ ಬಿಟ್ಟದ್ದು.

ಆ ಕೋವಿ ಅಲ್ಲಿ ಬದುಕಿನೊಳಗೆ ಎಷ್ಟು ಆಳಕ್ಕೆ ಇಳಿದಿದೆಯೆಂಬುದನ್ನು ಸೆಪ್ಟೆಂಬರಿನ ಆರಂಭದಲ್ಲಿ ಬರುವ ಆಯುಧದ ಹಬ್ಬವಾದ ಕೈಲ್‌ಪೊಳ್ದಿನ ದಿನ ನೋಡಬೇಕು. ನಾಟಿಯ ಕೆಲಸ ಮುಗಿದು ಮಳೆ ಸ್ವಲ್ಪ ತೆರಪುಕೊಟ್ಟ ಹೊತ್ತು. ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯೆಂಬ ನಡುಮನೆಯಲ್ಲಿ, ತೂಗುದೀಪದ ಬೆಳಕಿನಲ್ಲಿ, ಒಡಿಕತ್ತಿ ಪೀಚೆಕತ್ತಿಗಳೊಡನೆ ಕೋವಿಗಳನ್ನು ಒರಗಿಸಿ, ತೋಕ್‌ಪೂವೆಂದು ಅವರು ಕರೆಯುವ, ಬೆಂಕಿಯ ನಾಲಗೆಯಂತಹ ಕೆಂಪು-ಹಳದಿ ದಳಗಳ ಹೂವನ್ನು ನಳಿಗೆಯ ತುದಿಗೆ ಸಿಕ್ಕಿಸಿ, ಹಿರಿಯರು ಕಿರಿಯರ ಕೈಗೆ ಆಯುಧವನ್ನು ಆಶೀರ್ವಾದಪೂರ್ವಕವಾಗಿ ಕೊಡುತ್ತಾರೆ. ಬಳಿಕ ಊರ ಬಯಲಾದ ಮಂದ್‌ನಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. ಹೆಂಗಸರೂ ಅದರಲ್ಲಿ ಗುರಿ ಹಿಡಿಯುತ್ತಾರೆ. ಪುತ್ತರಿಯ ರಾತ್ರಿ ಗದ್ದೆಯಲ್ಲಿ ಹೊಸ ಕದಿರನ್ನು ಕೊಯ್ಯುವಾಗ ಆಕಾಶಕ್ಕೊಂದು ಗುಂಡು, ಮನೆಯಲ್ಲಿ ಗಂಡುಕೂಸು ಹುಟ್ಟಿದರೆ ಒಂದು, ಸಾವಾದರೆ ಎರಡು. ಕಣಿವೆಯಾಚೆಯ ಮನೆಯವರು ಸದ್ದನ್ನು ಎಣಿಸಿ, ಹರ್ಷವೋ ಶೋಕವೋ ಎಂದು ತಿಳಿದು ಹೊರಡುತ್ತಿದ್ದರಂತೆ.

ಸ್ವತಂತ್ರ ಭಾರತವೂ ಈ ವಿನಾಯಿತಿಯನ್ನು ಮುಂದುವರಿಸಿತು. ಕೊಡವ ಜನಾಂಗದವರಿಗೂ ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯ ಭೂಹಿಡುವಳಿಯವರಿಗೂ ಲೈಸೆನ್ಸಿನ ಬದಲು ವಿನಾಯಿತಿಯ ಪ್ರಮಾಣಪತ್ರ ಸಾಕು. 2019ರ ಅಕ್ಟೋಬರಿನಲ್ಲಿ ಕೇಂದ್ರ ಗೃಹಮಂತ್ರಾಲಯವು ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದಾಗ, ಜಾತಿಯನ್ನೂ ಭೂಹಿಡುವಳಿಯನ್ನೂ ಆಧಾರವಾಗಿಟ್ಟುಕೊಂಡ ಈ ಭೇದವು ಸಮಾನತೆಯ ತತ್ತ್ವಕ್ಕೆ ವಿರುದ್ಧವೆಂದು ಕೊಡಗಿನವರೇ ಒಬ್ಬರು ಹೈಕೋರ್ಟಿನ ಮೊರೆಹೋದರು. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು, ಸ್ವಾತಂತ್ರ್ಯಪೂರ್ವದಿಂದ ಬಂದ ಸಂಪ್ರದಾಯವನ್ನೂ, ವಿನಾಯಿತಿಯು ಅವಧಿಗೂ ಕಟ್ಟುಪಾಡುಗಳಿಗೂ ಒಳಪಟ್ಟಿರುವುದನ್ನೂ ಎತ್ತಿಹೇಳಿ, ಅರ್ಜಿಯನ್ನು ವಜಾ ಮಾಡಿತು. ನನಗೆ ಇಲ್ಲಿ ಎರಡು ಮನಸ್ಸು. ಗಣರಾಜ್ಯದಲ್ಲಿ ಹುಟ್ಟಿನಿಂದ ಬರುವ ವಿನಾಯಿತಿಯನ್ನು ತರ್ಕದಿಂದ ಸಮರ್ಥಿಸುವುದು ಸುಲಭವಲ್ಲ. ಹಾಗೆಂದು, ತಲೆಮಾರುಗಳಿಂದ ಕೋವಿಯನ್ನು ದೇವರ ಕೋಣೆಯ ಸಂಯಮದಿಂದ ನಡೆಸಿಕೊಂಡು ಬಂದವರ ಕೈಯಿಂದ ಅದನ್ನು ಕಸಿಯುವುದರಲ್ಲಿ ಯಾವ ಪುರುಷಾರ್ಥವಿದೆಯೋ ಅದೂ ಕಾಣದು.

ಉಳಿದ ನಾವೆಲ್ಲರೂ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಜೆಗಳು. 1962ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಈ ಕಾಯಿದೆಯಲ್ಲಿ ಬಿಳಿಯ-ಕರಿಯ ಭೇದವಿಲ್ಲವಾದರೂ, ನಂಬಿಕೆಯನ್ನು ಸರಕಾರವೇ ಅಳೆಯತಕ್ಕದ್ದೆಂಬ ಹಳೆಯ ತಳಹದಿಯನ್ನು ಅಲುಗಿಸಲಿಲ್ಲ. ಮುಧೋಳ ಭಾಗದ ರೈತನೊಬ್ಬ ಬಂದೂಕಿನ ಲೈಸೆನ್ಸು ಬೇಕೆಂದರೆ ಬಾಗಲಕೋಟೆಯ ಜಿಲ್ಲಾಧಿಕಾರಿಗಳಿಗೆ, ಜನರ ಬಾಯಲ್ಲಿ ಡೀಸೀ ಸಾಹೇಬರಿಗೆ, ಅರ್ಜಿ ಕೊಡಬೇಕು. ವಯಸ್ಸು 21 ತುಂಬಿರಬೇಕು. ಪೊಲೀಸರು ಊರಲ್ಲಿ ವಿಚಾರಿಸುತ್ತಾರೆ: ಕೇಸುಗಳಿವೆಯೆ, ಭಾವಕಿಯಲ್ಲಿ ಹೊಲದ ತಂಟೆಯಿದೆಯೆ, ಕುಡಿತವುಂಟೆ, ಚಿತ್ತ ಸ್ಥಿಮಿತದಲ್ಲಿದೆಯೆ, ಮನೆಯಲ್ಲಿ ಕೀಲಿ ಹಾಕಿಡುವ ಜಾಗವಿದೆಯೆ. 2016ರ ನಿಯಮಗಳು ಬಂದಮೇಲೆ ಆಯುಧವನ್ನು ಸುರಕ್ಷಿತವಾಗಿ ಹಿಡಿಯುವ ತರಬೇತಿಯ ಪ್ರಮಾಣಪತ್ರವೂ ಬೇಕು. ಪ್ರಾಣಭಯವಿದೆಯೆಂದು ಅರ್ಜಿಯಲ್ಲಿ ಬರೆದರಷ್ಟೇ ಸಾಲದು. ಯಾರಿಂದ, ಏತಕ್ಕೆಂಬುದನ್ನು ತೋರಿಸಬೇಕಾಗುತ್ತದೆ.

ಎಲ್ಲ ಬಂದೂಕುಗಳಿಗೂ ಕಾಯಿದೆಯ ಕಣ್ಣು ಒಂದೇ ಅಲ್ಲ. ಸೈನ್ಯ, ಪೊಲೀಸರು ಬಳಸುವ ನಮೂನೆಯವು ಸಾಮಾನ್ಯರಿಗೆ ನಿಷಿದ್ಧ. ನಿಷಿದ್ಧವಲ್ಲದವುಗಳಲ್ಲಿಯೂ ರಿವಾಲ್ವರಿನಂತಹ ಕೈಬಂದೂಕಿಗೆ ಬಲವಾದ ಕಾರಣ ಬೇಕು. ಆತ್ಮರಕ್ಷಣೆಗೋ ಕ್ರೀಡೆಗೋ ಬೇಕಾದ, ನಳಿಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿಗೂ, ಬೆಳೆ ಕಾಯಲು ನಿಜವಾಗಿ ಬೇಕಾದ ಬಾಯಿಂದ ತುಂಬುವ ಕೋವಿಗೂ ಕಾಯಿದೆಯ 13ನೆಯ ಕಲಮು ಸ್ವಲ್ಪ ಔದಾರ್ಯವನ್ನು ತೋರಿಸುತ್ತದೆ. ಈ ಬಾಯಿಂದ ತುಂಬುವ ಕೋವಿಯೆಂದರೆ ಹಲಗಲಿಯ ಬೇಡರ ಕೈಯಲ್ಲಿದ್ದ ಜಾತಿಯದೇ. ನಳಿಗೆಯ ಬಾಯಿಗೆ ಅಳೆದು ಕರಿಮದ್ದನ್ನು ಸುರಿಯಬೇಕು; ತೆಂಗಿನ ನಾರನ್ನೋ ಚಿಂದಿಯನ್ನೋ ಉಂಡೆಮಾಡಿ ಉದ್ದನೆಯ ಗಜದಿಂದ ಬಡಿದು ಕೂರಿಸಬೇಕು; ಮೇಲೆ ಚರೆ, ಮತ್ತೆ ನಾರು, ಮತ್ತೆ ಗಜ; ಕೊನೆಗೆ ಕುದುರೆಯ ಕೆಳಗಿನ ಮೊಲೆಗೆ ಕೇಪನ್ನು ಸಿಕ್ಕಿಸಬೇಕು. ಮಳೆ ತಟ್ಟಿದರೆ ಮದ್ದು ಮುಗ್ಗುತ್ತದೆ. ಒಂದು ಈಡಾದ ಮೇಲೆ ಇನ್ನೊಂದಕ್ಕೆ ಇಷ್ಟೂ ಕೆಲಸವನ್ನು ಮೊದಲಿಂದ ಮಾಡಬೇಕು. ಇಂತಹ ಕೋವಿಯನ್ನು ಹಿಡಿದು ಯಾರೂ ರಾಜ್ಯ ಕಟ್ಟಲಾರರೆಂಬ ಧೈರ್ಯದಿಂದಲೇ ಕಾಯಿದೆ ಅದರ ಮೇಲೆ ಮೃದುವಾಗಿದೆಯೆಂದು ತೋರುತ್ತದೆ.

ಬಂದೂಕಿನಷ್ಟೇ ಬಿಗಿ ಗುಂಡಿನ ಮೇಲೂ ಉಂಟೆಂಬುದು ಹಲವರಿಗೆ ತಿಳಿಯದು. ತೋಟಾಗಳನ್ನು ಪರವಾನಗಿಯುಳ್ಳ ಅಂಗಡಿಯಲ್ಲಿಯೇ ಕೊಳ್ಳಬೇಕು. ಎಷ್ಟು ಕೊಳ್ಳಬಹುದೆಂಬುದು ಲೈಸೆನ್ಸಿನ ಪುಸ್ತಕದಲ್ಲಿಯೇ ಬರೆದಿರುತ್ತದೆ. ಕೊಂಡದ್ದನ್ನು ಅಂಗಡಿಯವನು ಅದರಲ್ಲಿಯೇ ನಮೂದಿಸುತ್ತಾನೆ. ಬಂದೂಕಿಲ್ಲದಿದ್ದರೂ ಲೈಸೆನ್ಸಿಲ್ಲದೆ ಒಂದೇ ಒಂದು ಜೀವಂತ ತೋಟಾ ಸಿಕ್ಕರೂ ಅದು ಅಪರಾಧ. ಅಜ್ಜನ ಚೀಲವನ್ನೋ ಮಾವನ ಕೋಟನ್ನೋ ತೆಗೆದುಕೊಂಡು ವಿಮಾನ ನಿಲ್ದಾಣಕ್ಕೆ ಹೋದವರು, ಮೂಲೆಯಲ್ಲಿ ಮರೆತು ಉಳಿದ ಗುಂಡೊಂದರ ದೆಸೆಯಿಂದ ಠಾಣೆಯ ಬೆಂಚಿನ ಮೇಲೆ ಕುಳಿತ ಪ್ರಸಂಗಗಳು ದೇಶದಲ್ಲಿ ಹಲವು. ತನ್ನ ಬಳಿ ಇದೆಯೆಂಬ ಅರಿವಿದ್ದರೆ ಮಾತ್ರ ಅದು ಅಪರಾಧವೆಂದು ಸುಪ್ರೀಂ ಕೋರ್ಟು 1972ರಲ್ಲಿಯೇ ತತ್ತ್ವವನ್ನು ಹೇಳಿರುವುದರಿಂದ ಅಂತಹವರು ಕೊನೆಗೆ ಬಿಡುಗಡೆ ಹೊಂದುವುದುಂಟು. ವಿಮಾನ ಮಾತ್ರ ಕಾಯುವುದಿಲ್ಲ.

2019ರ ಡಿಸೆಂಬರಿನ ತಿದ್ದುಪಡಿ ಕಟ್ಟನ್ನು ಇನ್ನಷ್ಟು ಬಿಗಿಮಾಡಿತು. ಒಬ್ಬನಿಗೆ ಮೂರು ಬಂದೂಕುಗಳವರೆಗೆ ಅವಕಾಶವಿದ್ದದ್ದು ಎರಡಕ್ಕೆ ಇಳಿಯಿತು. ಲೈಸೆನ್ಸಿನ ಅವಧಿ ಮಾತ್ರ ಮೂರು ವರುಷದಿಂದ ಐದಕ್ಕೆ ಏರಿತು. ಮದುವೆ, ಮೆರವಣಿಗೆ, ಗೆಲುವಿನ ಸಂಭ್ರಮಗಳಲ್ಲಿ ಇತರರ ಪ್ರಾಣವನ್ನು ಲೆಕ್ಕಿಸದೆ ಗುಂಡು ಹಾರಿಸುವವರಿಗೆ ಎರಡು ವರುಷದವರೆಗೆ ಸಜೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಈ ಕಲಮನ್ನು ನಾನು ಮನಸಾರೆ ಒಪ್ಪುತ್ತೇನೆ. ವರನ ಕುದುರೆಯ ಮುಂದೆ ತನ್ನ ಘನತೆಯನ್ನು ಆಕಾಶಕ್ಕೆ ಹೊಡೆದು ತೋರಿಸುವವನ ಗುಂಡು ಆಕಾಶದಲ್ಲಿ ಉಳಿಯುವುದಿಲ್ಲ. ಮಾಳಿಗೆಯ ಮೇಲೆ ನೋಡಲು ನಿಂತ ಯಾರ ಮಗುವಿನ ಮೇಲೋ ಇಳಿಯುತ್ತದೆ.

ನಮ್ಮ ಸೀಮೆಯಲ್ಲಿ ಲೈಸೆನ್ಸುಳ್ಳವನಿಗೆ ಕಾನೂನು ನೆನಪಾಗುವುದು ಮುಖ್ಯವಾಗಿ ಚುನಾವಣೆಯ ಕಾಲದಲ್ಲಿ. ನೀತಿಸಂಹಿತೆ ಜಾರಿಗೆ ಬಂದೊಡನೆ ಆಯುಧಗಳನ್ನು ಠಾಣೆಯಲ್ಲಿ ಠೇವಣಿಯಿಡಬೇಕೆಂಬ ಆಜ್ಞೆ ಹೊರಡುತ್ತದೆ; ಹೊತ್ತುಕೊಂಡು ಹೋಗಿ ರಶೀದಿ ಪಡೆದು ಬರಬೇಕು, ಮತ ಎಣಿಕೆಯಾದ ಮೇಲೆ ಮತ್ತೆ ಹೋಗಿ ತರಬೇಕು. ಬ್ಯಾಂಕಿನ ಕಾವಲುಗಾರರಂತಹವರಿಗೆ ಮಾತ್ರ ರಿಯಾಯಿತಿ. ಪ್ರತಿಯೊಬ್ಬನ ಪೂರ್ವೇತಿಹಾಸವನ್ನು ಸಮಿತಿಯೊಂದು ಪರಿಶೀಲಿಸಿ, ಅಗತ್ಯವಿದ್ದವರಿಂದ ಮಾತ್ರ ಠೇವಣಿ ಪಡೆಯಬೇಕೆಂಬುದು ಚುನಾವಣಾ ಆಯೋಗದ ಸೂಚನೆಯಾದರೂ, ಒಬ್ಬೊಬ್ಬನನ್ನು ತೂಗಿ ನೋಡುವುದಕ್ಕಿಂತ ಎಲ್ಲರನ್ನೂ ಕರೆಯುವುದು ಕಚೇರಿಗೆ ಸುಲಭ. ಕಾಡಂಚಿನ ಮಲೆನಾಡಿನ ರೈತರು ಇದನ್ನು ಕುರಿತು ಪ್ರತಿ ಚುನಾವಣೆಯಲ್ಲಿಯೂ ಗೊಣಗುತ್ತಾರೆ. ಕೋವಿ ಠಾಣೆಯಲ್ಲಿ ಕುಳಿತಿರುವ ತಿಂಗಳುಗಳಲ್ಲಿ ಕಾಡುಹಂದಿಗೆ ನೀತಿಸಂಹಿತೆಯಿಲ್ಲ.

ಕಾಡುಹಂದಿಯ ಮಾತು ಬಂದದ್ದರಿಂದ ಇನ್ನೊಂದು ತೊಡಕನ್ನು ಹೇಳಬೇಕು. ಎದೆಯೆತ್ತರ ಮೀರಿ ಬೆಳೆದ ಕಬ್ಬಿನ ಪಡ ಹಂದಿಗೆ ಮನೆಯೂ ಹೌದು, ಮೃಷ್ಟಾನ್ನವೂ ಹೌದು. ಒಂದು ರಾತ್ರಿ ಹಿಂಡು ನುಗ್ಗಿದರೆ ತಿಂದದ್ದಕ್ಕಿಂತ ಉರುಳಿಸಿದ್ದು ಹೆಚ್ಚು. ಬೆಳೆ ಕಾಯಲೆಂದು ಶಸ್ತ್ರಾಸ್ತ್ರ ಕಾಯಿದೆ ಕೋವಿಯನ್ನು ಕೊಡುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೋ, ಅರಣ್ಯಾಧಿಕಾರಿಗಳ ಅನುಮತಿಯಿಲ್ಲದೆ ಹಂದಿಯ ಮೇಲೆ ಅದನ್ನು ಪ್ರಯೋಗಿಸಿದರೆ ಜೈಲೆನ್ನುತ್ತದೆ. ಒಂದು ಇಲಾಖೆ ಕೊಟ್ಟ ಕೋವಿಗೆ ಇನ್ನೊಂದು ಇಲಾಖೆ ಗುರಿಯನ್ನೇ ಉಳಿಸಿಲ್ಲ. ಉಳಿದದ್ದು ಗಾಳಿಯಲ್ಲೊಂದು ಈಡು ಹಾರಿಸಿ ಬೆದರಿಸುವುದು. ಅದಕ್ಕೆ ಪಟಾಕಿ ಸಾಕು, ಡಬ್ಬ ಬಡಿದರೂ ನಡೆದೀತು.

ಬೇಟೆಯ ನಿಷೇಧವನ್ನು ನಾನು ಆಕ್ಷೇಪಿಸುವವನಲ್ಲ. ಮುಧೋಳ-ಬೀಳಗಿಗಳ ನಡುವಿನ ಯಡಹಳ್ಳಿಯ ಕುರುಚಲು ಗುಡ್ಡಗಳಲ್ಲಿ ಇಂದು ಚಿಂಕಾರಗಳಿಗಾಗಿಯೇ ಒಂದು ವನ್ಯಜೀವಿಧಾಮವಿದೆ. ಬೇಟೆ ನಿಲ್ಲದಿದ್ದರೆ ಆ ತೆಳ್ಳನೆಯ ಜಿಂಕೆಗಳು ಈಗ ಚಿತ್ರದಲ್ಲಿ ಮಾತ್ರ ಇರುತ್ತಿದ್ದವು. ಒಂದು ಬದುಕಿನ ಕ್ರಮವೇ ಹೇಗೆ ಚೂರುಚೂರಾಗಿ ಹಂಚಿಹೋಯಿತೆಂಬುದಷ್ಟೇ ನಾನು ನೋಡುತ್ತಿರುವುದು. ಬೇಡನ ಬಂದೂಕನ್ನು 1857 ಕಸಿಯಿತು. ಅವನ ಬೇಟೆಯನ್ನು 1972 ನಿಲ್ಲಿಸಿತು. ಅವನೊಡನೆ ಓಡುತ್ತಿದ್ದ ನೀಳಗಾಲಿನ ನಾಯಿ ಮಾತ್ರ, ಸಂಸ್ಥಾನಿಕ ಮಾಲೋಜಿರಾವ್ ಘೋರ್ಪಡೆಯವರು ಐದನೆಯ ಜಾರ್ಜ್ ದೊರೆಗೆ ಮರಿಗಳನ್ನು ಕಾಣಿಕೆಯಿತ್ತಂದಿನಿಂದ ಮುಧೋಳ ನಾಯಿಯೆಂದು ಖ್ಯಾತಿಗೊಂಡು, 2005ರಲ್ಲಿ ಅಂಚೆಚೀಟಿಯನ್ನೂ ಏರಿ, ತಿಮ್ಮಾಪುರದ ಸಂಶೋಧನಾ ಕೇಂದ್ರದಲ್ಲಿ ಸರಕಾರದ ಖರ್ಚಿನಲ್ಲಿಯೇ ಬೆಳೆಯುತ್ತಿದೆ.

ಹೀಗಾಗಿ ಬಂದೂಕನ್ನು ಕುರಿತ ನಮ್ಮ ಭಾವನೆ ಕೊಡಗಿನವರದರಂತೆ ಏಕಮುಖವಾಗಿಲ್ಲ. ಲಾವಣಿಯಲ್ಲಿ ಅದು ಮಾನ. ಲೈಸೆನ್ಸುದಾರನ ಹೆಗಲ ಮೇಲೆ ಅದು ಅಂತಸ್ತು. ನೆರೆಮನೆಯ ಜಗಳಗಂಟನ ಕೈಯಲ್ಲಿದ್ದರೆ ಭಯ. ಹಳ್ಳಿಯ ಹಿರಿಯರು ಬಂದೂಕಿನ ಮನೆಗೆ ಹೆಣ್ಣು ಕೊಡುವ ಮುನ್ನ ಎರಡು ಸಲ ವಿಚಾರಿಸುತ್ತಿದ್ದುದೂ ಉಂಟು, ಬಂದೂಕಿದೆಯೆಂದೇ ದೊಡ್ಡ ಮನೆತನವೆಂದು ಬಗೆದು ಕೊಟ್ಟದ್ದೂ ಉಂಟು. ನನ್ನ ಅಭಿಪ್ರಾಯವನ್ನು ಕೇಳಿದರೆ, ಈ ನಾಡಿಗೆ ಇನ್ನಷ್ಟು ಬಂದೂಕುಗಳು ಬೇಕೆಂದು ನಾನು ಹೇಳಲಾರೆ. ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಕೊಡಲಿಯೆತ್ತುವ ಕಡೆ ನಳಿಗೆಯೊಂದು ಕೈಗೆಟುಕುವಂತಿದ್ದರೆ ಏನಾಗುತ್ತಿದ್ದಿತೆಂದು ಊಹಿಸಲು ಬಹಳ ಕಲ್ಪನೆ ಬೇಡ. ಆದರೆ ಕೊಡುವುದಾಗಲಿ ನಿರಾಕರಿಸುವುದಾಗಲಿ, ಅರ್ಜಿದಾರನ ನಡತೆಯನ್ನೂ ಅವನ ನಿಜವಾದ ಅಗತ್ಯವನ್ನೂ ನೋಡಿ ಆಗಬೇಕೇ ಹೊರತು, ಅವನ ವಶೀಲಿಯನ್ನಾಗಲಿ ವಾಡೆಯ ಎತ್ತರವನ್ನಾಗಲಿ ನೋಡಿ ಆಗಬಾರದು. ಪ್ರಾಣಭಯದ ಹೆಸರಿನಲ್ಲಿ ರಿವಾಲ್ವರು ಪಡೆದು ಸೊಂಟದಲ್ಲಿ ಕಾಣುವಂತೆ ಸಿಕ್ಕಿಸಿಕೊಂಡು ತಿರುಗುವವರನ್ನು ಕಂಡಾಗ, ಭಯ ಅವರಿಗಿದೆಯೋ ಅವರಿಂದ ಉಳಿದವರಿಗಿದೆಯೋ ಎಂಬ ಸಂದೇಹ ಸುಮ್ಮನೆ ಹುಟ್ಟುವುದಿಲ್ಲ.

ಇಂದು ಈ ಭಾಗದ ಹಳೆಯ ಮನೆತನಗಳಲ್ಲಿ ಬಂದೂಕಿನ ಪ್ರಶ್ನೆ ಎದ್ದೇಳುವುದು ಹೆಚ್ಚಾಗಿ ಹಿರಿಯರು ತೀರಿಕೊಂಡಾಗ. ಲೈಸೆನ್ಸು ವ್ಯಕ್ತಿಯ ಹೆಸರಿಗೆ, ಮನೆಯ ಹೆಸರಿಗಲ್ಲ. ಯಜಮಾನನ ಉಸಿರಿನೊಡನೆ ಅದರ ಆಯುಸ್ಸೂ ಮುಗಿಯುತ್ತದೆ. ಹೊಲದ ಉತಾರದಲ್ಲಿ ಮಕ್ಕಳ ಹೆಸರು ಸೇರಿಸಿದಂತೆ ಇಲ್ಲಿ ವಾರಸಾ ನಡೆಯದು. ಉಳಿದವರು ತಡಮಾಡದೆ ಬಂದೂಕನ್ನೂ ಉಳಿದ ತೋಟಾಗಳನ್ನೂ ಠಾಣೆಗೋ ಪರವಾನಗಿಯುಳ್ಳ ಅಂಗಡಿಗೋ ಒಪ್ಪಿಸಿ, ವಾರಸುದಾರರಲ್ಲಿ ಒಬ್ಬರು ಉಳಿದವರ ಒಪ್ಪಿಗೆಯೊಡನೆ ಹೊಸದಾಗಿ ಅರ್ಜಿ ಹಾಕಬೇಕು. ಯಜಮಾನ ಬದುಕಿದ್ದಾಗಲೇ, 70 ವರುಷ ತುಂಬಿದ್ದರೆ ಅಥವಾ ಆಯುಧ ಇಟ್ಟುಕೊಂಡು 25 ವರುಷವಾಗಿದ್ದರೆ, ವಾರಸುದಾರನ ಹೆಸರಿಗೆ ವರ್ಗಾಯಿಸಲು ಕೋರುವ ದಾರಿಯನ್ನು 2016ರ ನಿಯಮಗಳು ತೆರೆದಿವೆ. ತಿಳಿದವರು ಕಡಿಮೆ, ತಿಳಿದೂ ಮಾಡಿಸುವವರು ಇನ್ನೂ ಕಡಿಮೆ. ಪುಣೆಯಲ್ಲೋ ಬೆಂಗಳೂರಿನಲ್ಲೋ ನೌಕರಿಯಲ್ಲಿರುವ ಮಗ ದಿನಕರ್ಮಕ್ಕೆಂದು ಊರಿಗೆ ಬಂದವನು, ಅಟ್ಟದಿಂದ ಅಪ್ಪನ ಜೋಡುನಳಿಗೆಯನ್ನು ಇಳಿಸಿ, ಎಣ್ಣೆ ಹಚ್ಚಿ ಒರೆಸಿ, ಇದನ್ನು ಇಟ್ಟುಕೊಂಡು ನಾನು ಏನು ಮಾಡಲಿ, ಐದೈದು ವರುಷಕ್ಕೊಮ್ಮೆ ಬಾಗಲಕೋಟೆಗೆ ಯಾರು ಅಲೆದಾಡಬೇಕೆಂದು ಚಿಕ್ಕಪ್ಪನನ್ನು ಕೇಳುತ್ತಾನೆ. ಚಿಕ್ಕಪ್ಪ, ಹಿರಿಯರ ವಸ್ತುವಪ್ಪಾ, ಹ್ಯಾಂಗ ಕೊಟ್ಟು ಬರೂದು ಎನ್ನುತ್ತಾನೆ, ತನ್ನ ಹೆಸರಿಗೆ ಮಾಡಿಸಿಕೊಳ್ಳುತ್ತೇನೆಂದು ಮಾತ್ರ ಹೇಳುವುದಿಲ್ಲ. ಹೀಗೆ ಠಾಣೆಯಲ್ಲಿಯೇ ಉಳಿದು, ಗೊತ್ತಾದ ಅವಧಿಯೊಳಗೆ ಯಾರೂ ಬಿಡಿಸಿಕೊಳ್ಳದ ಆಯುಧ ಕಾಯಿದೆಯ 21ನೆಯ ಕಲಮಿನಂತೆ ಸರಕಾರಕ್ಕೆ ಮುಟ್ಟುಗೋಲಾಗುತ್ತದೆ.